ಘಟ್ಟದ ಕೆಳಗಿನ ತೆನೆ, ಕೊಳೆ ಬಿದ್ದ ತೋಟ

ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಕೊಂಕಣಿ ಮಾತಾಡುವ ನಮ್ಮಂಥ ಕಥೋಲಿಕರಿಗೆ ಅದೇ ತೆನೆ ಹಬ್ಬ, ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಶಿಶು ಮರಿಯಳ ಮೂರ್ತಿಯ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕರಾವಳಿಯ ಹಬ್ಬ ಇದು. ಅಲ್ಲಿ ಮಳೆ ಹಿಡಿದ ಕೂಡಲೇ ನಾಟಿಯಾಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ತೆನೆ ಬಂದಿರುತ್ತದೆ. ನಮ್ಮ ಹೊಸನಗರದ ಕಡೆ ನಾಟಿ ಮುಗಿಯುವುದೇ ಆಗಸ್ಟ್‌ಗೆ. ಹಬ್ಬದ ದಿನ ಗದ್ದೆಯಲ್ಲಿ ಬರೀ ಹಸಿರು. ಹಾಗಾಗಿ ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ತೆನೆ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿಯೇ ಬರಬೇಕು. ನಮ್ಮ ಬೆಳೆ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಆದರೆ ಬೆಳೆ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ. ಚಿಕ್ಕಂದಿನಿಂದ ಕಂಡ ಈ ಸಂಗತಿ ನನ್ನನ್ನು ನಿಲ್ಲಿಸಿ ಕೇಳಿದ್ದು ಕಳೆದ ವರ್ಷ.

ಕಳೆದ ವರ್ಷ ತೋಟಕ್ಕೆ ಕೊಳೆ ಬಿದ್ದಿತ್ತು. ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕೊಳೆ ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಕೊಳೆಸಿ ಉದುರಿಸುವ ರೋಗ. ಅದಕ್ಕೆ ಇರುವ ಮದ್ದು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಶುರುವಾಗುವ ಹೊತ್ತಿಗೆ ಒಮ್ಮೆ ಹೊಡೆಯಬೇಕು, ಸುಮಾರು 45 ದಿನ ಬಿಟ್ಟು ಮತ್ತೊಮ್ಮೆ. ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಔಷಧಿ ಹಿಡಿಯಬೇಕಾದರೆ ಒಂದಿಷ್ಟು ಹೊತ್ತಾದರೂ ಮಳೆ ಬಿಟ್ಟು ಹೊಳವು ಬೇಕು. ಮೊದಲ ಸಲದ್ದು ಸರಿಯಾಗಿಯೇ ಆಯಿತು. ಎರಡನೆಯದಕ್ಕೆ ಹೊಳವೇ ಸಿಗಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ದಿನಾ ಬೆಳಿಗ್ಗೆ ಬಂದು, ಜಗಲಿಯಲ್ಲಿ ಕೂತು ಆಕಾಶ ನೋಡಿ, ಕಾಫಿ ಕುಡಿದು ವಾಪಸ್ ಹೋಗುತ್ತಿದ್ದ. ಆಗಸ್ಟ್ ಮಧ್ಯಕ್ಕೆ ಮರದ ಬುಡದಲ್ಲಿ ಎಳೆ ಅಡಿಕೆ ಉದುರತೊಡಗಿತು. ಕೈಗೆತ್ತಿಕೊಂಡರೆ ತೊಟ್ಟಿನ ಹತ್ತಿರ ಬೆಂದಂಥ ಕಡುಹಸಿರು ಕಲೆ. ಎರಡು ದಿನ ಬಿಟ್ಟು ನೋಡಿದರೆ ಮೈತುಂಬ ಬಿಳಿ ಬೂಸ್ಟು. ಕಾಲಿಟ್ಟಲ್ಲೆಲ್ಲ ಅದೇ. ಅದಕ್ಕೂ ಹಿಂದಿನ ವರ್ಷ ಎಲೆಚುಕ್ಕಿ ರೋಗ ಬಂದು ಸೋಗೆ ಒಣಗಿಸಿ ಹೋಗಿತ್ತು. ಸೊಸೈಟಿ ಸಾಲದ ಕಂತು ಬಾಕಿ. ಮಗನ ಇಂಜಿನಿಯರಿಂಗ್ ಫೀಸು ಬಾಕಿ. ರಾತ್ರಿ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಹಬ್ಬ ಬಂತು. ಪೂಜೆ ಮುಗಿಸಿ, ತೆನೆ ಹಿಡಿದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತಿದ್ದಾಗ ದೂರದ ಸಂಬಂಧಿಕರೊಬ್ಬರು ಸಿಕ್ಕರು. ತೋಟದ ಸಂಗತಿ ಕೇಳಿ, ತಲೆಯಾಡಿಸಿ, "ಎಲ್ಲೋ ಪ್ರಾರ್ಥನೆಯಲ್ಲಿ ಕೊರತೆ ಆಗಿದೆ, ನೋಡ್ಕೊಳ್ಳಿ. ವಿಶ್ವಾಸ ಗಟ್ಟಿ ಇದ್ದರೆ ಹೀಗಾಗೋದಿಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಪಕ್ಕದಲ್ಲಿದ್ದ ನನ್ನ ಹೆಂಡತಿಯ ಮುಖ ಸಣ್ಣದಾಯಿತು. ದಿನವೂ ಸಂಜೆ ಮೊಣಕಾಲೂರಿ ಜಪಸರ ಹೇಳುವವಳು ಅವಳು.

ಮನೆಗೆ ಬಂದೆವು. ತೆನೆಯ ಕಾಳು ಸುಲಿದು, ಕುಟ್ಟಿ, ಹಾಲಿಗೆ ಹಾಕಿ, ಪ್ರಾರ್ಥನೆ ಮಾಡಿ ಎಲ್ಲರೂ ಒಂದೊಂದು ಗುಟುಕು ಕುಡಿಯುವುದು ಕ್ರಮ. ಆಮೇಲೆ ಬಾಳೆಲೆಯಲ್ಲಿ ಊಟ. ಆ ದಿನ ಮೀನು ಮಾಂಸ ಇಲ್ಲ. ಹರಿವೆ, ಕೆಸುವಿನ ದಂಟು, ಹೀರೆಕಾಯಿ, ಕೊನೆಗೆ ಪಾಯಸ. ಕೊನೆಗಾರನನ್ನೂ ಊಟಕ್ಕೆ ಕರೆದಿದ್ದೆವು, ಪ್ರತಿ ವರ್ಷ ಕರೆಯುತ್ತೇವೆ. ಬಡಿಸುತ್ತ ಅಮ್ಮ ಮೆಟ್ಟಿಲ ಮೇಲಿನ ಮಾತನ್ನು ಅವನಿಗೂ ಹೇಳಿದಳು. ಅವನು ತುತ್ತು ಹಾಗೇ ಹಿಡಿದು, "ಎಂಥ ಮಾತದು ಅಮ್ಮಾ? ಮಳೆಗೆ ಇದು ಯಾರ ತೋಟ ಅಂತ ಗೊತ್ತಿರ್ತದಾ? ಭಟ್ರ ತೋಟದಲ್ಲೂ ಇದೇ ಕಥೆ, ಗೌಡ್ರ ತೋಟದಲ್ಲೂ ಇದೇ ಕಥೆ" ಅಂದ.

ಅವನು ಬೈಬಲ್ ಓದಿದವನಲ್ಲ. ಆದರೆ ಯೇಸುಸ್ವಾಮಿ ಬೆಟ್ಟದ ಮೇಲೆ ಹೇಳಿದ್ದೂ ಅದನ್ನೇ: ತಂದೆಯು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ. ಬಯಲುಸೀಮೆಯವರಿಗೆ ಆ ವಾಕ್ಯದಲ್ಲಿ ಕಾಣುವುದು ಬರೀ ಕೃಪೆ. ಮಲೆನಾಡಿನಲ್ಲಿ ಆಗಸ್ಟ್ ತಿಂಗಳು ಅದನ್ನು ಓದಿದರೆ ಬೇರೆ ತೂಕವೇ ಬರುತ್ತದೆ. ಜೆರುಸಲೇಮಿನಲ್ಲಿ ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತಾಗ, ಅವರೇನು ಉಳಿದವರಿಗಿಂತ ಹೆಚ್ಚು ಪಾಪಿಗಳಾ ಎಂದು ಯೇಸುವೇ ಕೇಳಿ, "ಅಲ್ಲ" ಎಂದರು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದಾಗಲೂ ಇಬ್ಬರೂ ಅಲ್ಲ ಎಂದರು. ಕಷ್ಟದಲ್ಲಿರುವವರ ತಲೆಗೆ ತಪ್ಪು ಕಟ್ಟುವ ಕೆಲಸವನ್ನು ಕ್ರಿಸ್ತ ಮಾಡಲಿಲ್ಲ. ನಾವ್ಯಾರೂ ಮಾಡಬಾರದು.

ಅವತ್ತು ಸಂಜೆ ಕರೆಂಟ್ ಹೋಗಿತ್ತು. ಅಮ್ಮ ಚಾರ್ಜಿಂಗ್ ಲೈಟಿನ ಬೆಳಕಲ್ಲಿ ಬೈಬಲಿನ ಹಬಕ್ಕೂಕ ಪ್ರವಾದಿಯ ಗ್ರಂಥ ತೆಗೆದಳು. ಮೂರೇ ಅಧ್ಯಾಯದ ಪುಟ್ಟ ಪುಸ್ತಕ, ಇಗರ್ಜಿಯಲ್ಲಿ ಕೇಳುವುದೂ ಅಪರೂಪ. ಅವಳು ಪೂರ್ತಿ ಓದಿದಳು. ಶುರುವಾಗುವುದೇ ದೂರಿನಿಂದ: ಸ್ವಾಮೀ, ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದಿಲ್ಲವಲ್ಲ? ಆಮೇಲೆ ಪ್ರವಾದಿ, ದೇವರು ಏನು ಉತ್ತರ ಕೊಡುತ್ತಾನೋ ನೋಡೇಬಿಡುತ್ತೇನೆ ಎಂದು ಕಾವಲಿನ ಜಾಗದಲ್ಲಿ ಹೋಗಿ ನಿಲ್ಲುತ್ತಾನೆ. ಕೊನೆಯಲ್ಲಿ ಬರುವ ಪಟ್ಟಿ ಅಪ್ಪಟ ರೈತನದ್ದು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿಯಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ದೇವರಲ್ಲಿ ಆನಂದಿಸುತ್ತೇನೆ. ಅಷ್ಟು ಹೇಳುವಾಗ ಅವನ ಕಷ್ಟ ಒಂದಿಷ್ಟೂ ಕಡಿಮೆಯಾಗಿಲ್ಲ, ಶತ್ರುಗಳು ಬರುವುದೂ ಖಚಿತ. ಕಳೆದುಕೊಳ್ಳಬಹುದಾದ್ದನ್ನೆಲ್ಲ ಹೆಸರು ಹಿಡಿದು ಎಣಿಸಿದ ಮೇಲೆಯೇ ಅವನು ಸ್ತುತಿಗೆ ಬರುತ್ತಾನೆ.

ನನಗೆ ಹಿಡಿಸಿದ್ದು ಅದು. ಬೆಳೆ ಬಂದರೆ ದೇವರಿದ್ದಾನೆ, ಹೋದರೆ ನಮ್ಮ ವಿಶ್ವಾಸ ಸಾಲದು ಎನ್ನುವ ಲೆಕ್ಕಕ್ಕೆ ಈ ಪುಸ್ತಕದಲ್ಲಿ ಜಾಗವೇ ಇಲ್ಲ. ದೂರು ಹೇಳಿದ ಬಾಯಿಯೇ ಸ್ತೋತ್ರವನ್ನೂ ಹೇಳುತ್ತದೆ. ಬೇರೆಯವರ ಗದ್ದೆಯ ತೆನೆ ಹಿಡಿದು, ನಮ್ಮ ಗದ್ದೆ ಇನ್ನೂ ಹಸಿರಾಗಿರುವಾಗಲೇ ಕೈ ಮುಗಿಯುವ ಮಲೆನಾಡಿನ ಕ್ರೈಸ್ತರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ ಅನ್ನಿಸಿತು. ನಮ್ಮ ಹಿರಿಯರು ಘಟ್ಟ ಹತ್ತಿ ಬಂದು, ಜ್ವರ ಜಿಗಣೆ ಸಾಲಗಳ ನಡುವೆ ಮಾಡಿದ್ದು ಇದನ್ನೇ.

ಓದಿ ಮುಗಿಸಿದ ಅಮ್ಮ ಪುಸ್ತಕ ಮಡಚಿ ಕೊಂಕಣಿಯಲ್ಲಿ ಪ್ರಾರ್ಥನೆ ಮಾಡಿದಳು. ಬಾಯಿಪಾಠದ್ದಲ್ಲ. ಸಾಲದ ಮೊತ್ತ, ಮೊಮ್ಮಗನ ಫೀಸು, ಉದುರಿದ ಅಡಿಕೆ ಎಲ್ಲವನ್ನೂ ದೇವರಿಗೆ ಸಿಟ್ಟಿನಿಂದಲೇ ಒಪ್ಪಿಸಿದಳು. ಭಟ್ಟರ ತೋಟ, ಗೌಡರ ತೋಟ, ಕೊನೆಗಾರನ ಮಗಳ ಮದುವೆಯೂ ಬಂತು. ಮೆಟ್ಟಿಲ ಮೇಲೆ ಸಿಕ್ಕ ಸಂಬಂಧಿಕರ ಹೆಸರೂ ಬಂತು, ಅವರ ಮಂಡಿನೋವು ವಾಸಿಯಾಗಲಿ ಎಂದು. ಹೆಂಡತಿ ಅಳುತ್ತಿದ್ದಳು. ನಾನೂ ತಡೆಯಲಿಲ್ಲ.

ಮರುದಿನ ನಾನೂ ಕೊನೆಗಾರನೂ ಉದುರಿದ್ದನ್ನೆಲ್ಲ ಆರಿಸಿ ತೋಟದಿಂದಾಚೆ ಹಾಕಿದೆವು. ಬುಡದಲ್ಲೇ ಬಿಟ್ಟರೆ ರೋಗ ಅಲ್ಲೇ ಉಳಿಯುತ್ತದೆ. ಆ ವಾರ ಹೊಳವು ಸಿಕ್ಕಿತು, ಉಳಿದ ಕೊನೆಗೆ ಔಷಧಿ ಹೊಡೆಸಿದೆವು. ಸೊಸೈಟಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಂತಿಗೆ ಗಡುವು ಕೇಳಿದೆ, ಕೊಟ್ಟರು. ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟೆವು. ಬಳೆ ಇನ್ನೂ ಬಿಡಿಸಿಲ್ಲ, ಸಾಲವೂ ತೀರಿಲ್ಲ. ಅಮ್ಮ ದಿನಾ ಸಂಜೆ ದೇವರ ಹತ್ತಿರ ಎರಡನ್ನೂ ಕೇಳುತ್ತಿದ್ದಾಳೆ.