ಒಂದು ಹಿಡಿ ಮಂಡಕ್ಕಿ

ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಯಾರೂ ಊಟ ಅನ್ನುವುದಿಲ್ಲ. ಸರ್ಜರಿ ವಾರ್ಡಿನಲ್ಲಿ 11 ವರ್ಷದಿಂದ ನರ್ಸ್ ಆಗಿರುವ ನನಗೆ ಇದು ಹೊಳೆಯಬೇಕಿತ್ತು.

ಜಗಳೂರು ಕಡೆಯ ಅಜ್ಜ ಒಬ್ಬರು ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. "ಅಜ್ಜಾ, ರಾತ್ರಿ ಹನ್ನೆರಡಾದ ಮೇಲೆ ಊಟ ಮಾಡಬೇಡಿ" ಅಂದಿದ್ದೆ. ಬೆಳಿಗ್ಗೆ ನೋಡಿದರೆ ಟವೆಲ್ ಮೇಲೆ ಒಗ್ಗರಣೆ ಮಂಡಕ್ಕಿ. "ಊಟ ಮಾಡಿಲ್ಲವ್ವಾ, ಸುಮ್ನೆ ಒಂದು ಹಿಡಿ ಬಾಯಾಡಿಸಿದೆ" ಅಂದರು. ಆಪರೇಷನ್ ಮರುದಿನಕ್ಕೆ ಹೋಯಿತು. ಹಮಾಲಿ ಮಾಡುವ ಮಗನಿಗೆ ಇನ್ನೊಂದು ದಿನದ ಕೂಲಿ ಹೋಯಿತು. ತಪ್ಪು ಅಜ್ಜನದಲ್ಲ. ಯಾಕೆ ತಿನ್ನಬಾರದು ಅಂತ ನಾನು ಹೇಳಿರಲೇ ಇಲ್ಲ.

ಸಂಜೆ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಸೊಂಟದ ಕೆಳಗೆ ಮರಗಟ್ಟಲಿ ಅಂತ ಬೆನ್ನಿಗೆ ಸೂಜಿ ಹಾಕಿ ಕೊಡುವ ಅರಿವಳಿಕೆ ಸಾಲದೆ ಪೂರ್ತಿ ಮಲಗಿಸಬೇಕಾಗಿ ಬಂದರೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಅಂದೆ. ಅದಕ್ಕೇ ಹಗುರ ತಿಂಡಿಗೆ ಕಡಿಮೆ ಅಂದರೂ 6 ಗಂಟೆ ಬಿಡುವು, ಎಣ್ಣೆಯದ್ದಾದರೆ 8. ಹಾಲು ಹಾಕಿದ ಟೀ ಕೂಡ ತಿಂಡಿ ಲೆಕ್ಕವೇ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಬೆನ್ನಿಗೆ ಸೂಜಿ ಹಾಕಿಸ್ಕೊಂಡೋರು ಮತ್ತೆ ಎದ್ದು ಓಡಾಡಲ್ವಂತೆ, ಹೌದೇನವ್ವಾ?"

ಎರಡು ರಾತ್ರಿ ಇದನ್ನೇ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅವರ ಬೆನ್ನ ಮೇಲೆ ಬೆರಳಿಟ್ಟು ತೋರಿಸಿದೆ. "ಬೆನ್ನುಹುರಿ ಇಲ್ಲಿಗೆ ಮುಗಿಯುತ್ತೆ ಅಜ್ಜಾ. ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಇಲ್ಲಿ. ಕಾಲು ಎರಡು ಮೂರು ಗಂಟೆ ಮರಗಟ್ಟುತ್ತೆ, ಆಮೇಲೆ ಜುಮ್ ಅಂತ ತಿರುಗಿ ಬರುತ್ತೆ." ದಿಂಬು ತಬ್ಬಿ, ಗದ್ದ ಎದೆಗೆ ತಾಗಿಸಿ, ಬೆನ್ನು ಬಗ್ಗಿಸಿ ಅಲ್ಲಾಡದೆ ಕೂರುವುದನ್ನು ಇಬ್ಬರೂ ಸೇರಿ ಎರಡು ಸಲ ಮಾಡಿ ನೋಡಿದೆವು.

ಇನ್ನೊಂದನ್ನೂ ಮೊದಲೇ ಹೇಳಿಟ್ಟೆ. ಒಳಗೆ ಹೋದಾಗ ಹೆಸರು ಏನು, ಯಾವ ಕಡೆ ಆಪರೇಷನ್ ಅಂತ ಮತ್ತೆ ಮತ್ತೆ ಕೇಳುತ್ತಾರೆ. 'ಇವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ವಾ' ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಆಳು, ಜಾಗ ಅದಲುಬದಲಾಗದಿರಲಿ ಅಂತ ಕೇಳುವುದು ಅದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತೆಯ ಪಟ್ಟಿಯಲ್ಲೂ ಇದಿದೆ. ಒಪ್ಪಿಗೆ ಕಾಗದವನ್ನೂ ಮಗನ ಎದುರಿಗೆ ಪೂರ್ತಿ ಓದಿ ಹೇಳಿದೆ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವುದನ್ನು ನಾನು ಒಪ್ಪುವುದಿಲ್ಲ.

"ಈಗ ನೀವು ನನಗೆ ಹೇಳಿ" ಅಂದೆ. ಟೀಯಿಂದ ಹಿಡಿದು ದಿಂಬಿನವರೆಗೆ ಒಂದೂ ಬಿಡದೆ ಹೇಳಿದರು.

ಮರುದಿನ ಮಧ್ಯಾಹ್ನ ವಾರ್ಡಿಗೆ ಕರೆತಂದ ಮೇಲೆ ಹೊದಿಕೆ ಸರಿಸಿ ಮಗನನ್ನು ಕೂಗಿದರು. "ಲೇ, ಬಾ ಇಲ್ಲಿ. ಬೆರಳು ಆಡ್ತೈತೆ ನೋಡು."