ಬ್ಯಾಗಲ್ಲಿದ್ದ ಲೆಟರ್

ಇಲ್ಲಿ ಇಂಗ್ಲೆಂಡಲ್ಲಿ ಮಗಳ ಸ್ಕೂಲ್ ಬ್ಯಾಗಲ್ಲಿ ಇವತ್ತು ಹೆಡ್ ಟೀಚರ್ ಲೆಟರ್ ಸಿಕ್ತು, ಗ್ಲೂ ಸ್ಟಿಕ್ಕು, ಪೆನ್ಸಿಲ್ಲು ಮನೆಯಿಂದ ಕಳಿಸೋಕಾದ್ರೆ ಕಳಿಸಿ ಅಂತ, ಎರಡು ಸಲ ‘ಸಾರಿ’ ಅಂತ ಬೇರೆ ಬರ್ದಿದಾರೆ, ಓದಿ ಕರುಳು ಚುರ್ ಅಂತು ಕಣ್ರೀ. 2010ರಿಂದ 2018ರೊಳಗೆ ಇಲ್ಲಿ ಸ್ಕೂಲಲ್ಲಿ ಒಂದೊಂದು ಮಗುವಿಗೆ ಅಂತ ಆಗೋ ಸರ್ಕಾರಿ ಖರ್ಚು, ಬೆಲೆ ಏರಿಕೆ ಲೆಕ್ಕ ಹಾಕಿದ್ರೆ, ಸುಮಾರು 8% ಇಳಿದಿತ್ತು, ಅದಕ್ಕೇ 2018ರ ಸೆಪ್ಟೆಂಬರ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಡ್ ಟೀಚರ್‌ಗಳು ಲಂಡನ್‌ನಲ್ಲಿ ಪ್ರಧಾನಿ ಮನೆವರೆಗೂ ಮೆರವಣಿಗೆ ಹೋಗಿದ್ರು. ದಿನಾ ಮಕ್ಕಳಿಗೆ ಸಾಲಾಗಿ ನಿಲ್ಲಿ ಅನ್ನೋರು ಅವತ್ತು ತಾವೇ ಬೀದೀಲಿ ಸಾಲಾಗಿ ನಡೆದ್ರು. ಅದೇ ವಯಸ್ಸು, ಅದೇ ಪಾಠ, ಆದ್ರೆ ಸರ್ಕಾರದಿಂದ ಒಂದು ಊರಿನ ಮಗೂಗೆ ಜಾಸ್ತಿ ದುಡ್ಡು, ಇನ್ನೊಂದೂರಿನ ಮಗೂಗೆ ಕಮ್ಮಿ, ಇದನ್ನ ಸರಿಮಾಡಿ ಅಂತ ಕೇಳೋದ್ರಲ್ಲಿ ಏನ್ ತಪ್ಪಿದೆ ಹೇಳಿ. ಗ್ಲೂ ಸ್ಟಿಕ್ ನಾಳೆನೇ ಕಳಿಸ್ತೀನಿ, ಜೊತೆಗೆ ನಮ್ಮ ಎಂಪಿಗೂ ಒಂದು ಪತ್ರ ಬರೀತಿದೀನಿ.