ಗೊತ್ತಿದ್ದೋರೆಲ್ಲ ಅಡುಗೆಮನೆಯಲ್ಲಿ ನಗ್ತಾ ಇದ್ದಾರೆ

ನಮ್ಮ ಕ್ಯಾಸಲ್‌ಬಾರ್‌ನಲ್ಲಿ ಯಾರು ತೀರಿಕೊಂಡರು ಅನ್ನೋದು ರೇಡಿಯೋದಲ್ಲಿ ಗೊತ್ತಾಗುತ್ತದೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಮೇಯೋ ಕೌಂಟಿಯ ಊರು ಇದು. ಇಲ್ಲಿನ ಮಿಡ್‌ವೆಸ್ಟ್ ರೇಡಿಯೋ ದಿನಾ ಸಾವಿನ ಸುದ್ದಿ ಓದುತ್ತದೆ. ಹೆಸರು, ಊರು, ಮನೆಗೆ ಯಾವಾಗ ಹೋಗಬಹುದು, ಚರ್ಚಿನಲ್ಲಿ ಎಷ್ಟು ಗಂಟೆಗೆ, ಎಲ್ಲ. ಪಕ್ಕದ ಮನೆಯ ಅಜ್ಜ ಅದನ್ನು ತಪ್ಪದೆ ಕೇಳುತ್ತಿದ್ದರು. "ನನ್ನ ಹೆಸರು ಬರಲಿಲ್ಲ ಅಂದ್ರೆ ಎದ್ದು ಟೀ ಮಾಡ್ಕೊಳ್ತೀನಿ" ಅನ್ನುತ್ತಿದ್ದರು. ಹಳೇ ಜೋಕು, ಇಲ್ಲಿನ ಮುದುಕರೆಲ್ಲ ಹೇಳುತ್ತಾರೆ. ಇವರು ಹೇಳಿದರೆ ಮಾತ್ರ ಪ್ರತಿ ಸಲ ನಗು ಬರುತ್ತಿತ್ತು.

ಹೋದ ತಿಂಗಳು ಅವರ ಹೆಸರೂ ಬಂತು.

ಇಲ್ಲಿ ಹೆಣವನ್ನು ಮನೆಗೇ ತರುತ್ತಾರೆ. ಹಾಲ್‌ನಲ್ಲಿ, ಟಿವಿ ಪಕ್ಕ, ಮುಚ್ಚಳ ತೆಗೆದ ಪೆಟ್ಟಿಗೆ. ಅದರ ಪಕ್ಕ ಸಾಲಾಗಿ ಮನೆಯವರು. ಬಂದವರು ಒಬ್ಬೊಬ್ಬರ ಕೈ ಕುಲುಕಿ "ಸಾರಿ ಫಾರ್ ಯುವರ್ ಟ್ರಬಲ್" ಅಂತ ಹೇಳುತ್ತಾ ಮುಂದೆ ಹೋಗಬೇಕು. ರಾತ್ರಿಯಿಡೀ ಹೆಣವನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಯಾರಾದರೂ ಒಬ್ಬರು ಕೂತಿರಬೇಕು. ಅದು ನಮ್ಮಲ್ಲೂ ಇದೆ. ಒಲೆ ಹಚ್ಚದ ಮನೆಗೆ ನೆರೆಯವರು ಊಟ ತರುವುದೂ ನಮ್ಮ ಹಾಗೇ, ಉಪ್ಪಿಟ್ಟಿನ ಬದಲು ಹ್ಯಾಮ್ ಸ್ಯಾಂಡ್‌ವಿಚ್ ಅಷ್ಟೇ. ನನ್ನ ಪಾಲಿಗೆ ಬಂದಿದ್ದು ಹಳದಿ ಜಾಕೆಟ್ ತೊಟ್ಟು ಕಾರುಗಳನ್ನು ಎಲ್ಲಿ ನಿಲ್ಲಿಸಬೇಕು ಅಂತ ಕೈ ಮಾಡುವ ಕೆಲಸ. ಮಳೆ ಬೇರೆ. ಕಾರುಗಳು ಬರುತ್ತಲೇ ಇದ್ದವು.

ಸ್ವಲ್ಪ ಬಿಡುವಾದಾಗ ಒಳಗೆ ಹೋದೆ. ಅಜ್ಜ ಸೂಟು ಹಾಕಿಕೊಂಡು ಮಲಗಿದ್ದರು. ಕುತ್ತಿಗೆಗೆ ಮೇಯೋ ತಂಡದ ಹಸಿರು-ಕೆಂಪು ಸ್ಕಾರ್ಫ್. ನಾನು ನಮ್ಮ ಕಡೆ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತೆ. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಓಡಾಡುತ್ತಿದ್ದ ಮೊಮ್ಮಗಳು ನನ್ನ ಮುಂದೆ ನಿಂತಳು. ಏಳೋ ಎಂಟೋ ವರ್ಷ ಇರಬೇಕು.

"ನಿಮಗೆ ನಮ್ಮಜ್ಜ ಗೊತ್ತಿರಲಿಲ್ವಾ?"

"ಗೊತ್ತಿದ್ದರು ಪುಟ್ಟಿ, ನಾವು ಪಕ್ಕದ ಮನೆಯವರಲ್ವಾ."

"ಮತ್ತೆ ಯಾಕೆ ಸುಮ್ನೆ ನಿಂತಿದ್ದೀರಾ? ಗೊತ್ತಿದ್ದೋರೆಲ್ಲ ಅಡುಗೆಮನೆಯಲ್ಲಿ ನಗ್ತಾ ಇದ್ದಾರೆ."

ಹೌದು, ಹೆಂಚು ಹಾರಿಹೋಗುವ ಹಾಗೆ ನಗುತ್ತಿದ್ದರು. ಅಜ್ಜನ ಹೆಂಡತಿಯೂ ಅಲ್ಲೇ ಇದ್ದರು. ಕಣ್ಣು ಊದಿತ್ತು, ನಗುತ್ತಲೂ ಇದ್ದರು. ಯಾರೋ ಕುರ್ಚಿ ಎಳೆದು ಕೊಟ್ಟರು, ಇನ್ಯಾರೋ ಕೈಗೆ ಟೀ ಕೊಟ್ಟರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಿನ್ನ ಕಥೆ ಹೇಳು ಅಂತ.

ಅಜ್ಜನದು ನನ್ನ ಹತ್ತಿರ ಇದ್ದಿದ್ದು ಒಂದು ಕಪ್ಪಿನ ಕಥೆ. ಮೇಯೋದವರು ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್‌ನ ಆಲ್ ಐರ್ಲೆಂಡ್ ಕಪ್ ಗೆದ್ದಿದ್ದು ಕೊನೆಯದಾಗಿ 1951ರಲ್ಲಿ. ಕಪ್ ತಗೊಂಡು ಊರಿಗೆ ಬರುವಾಗ ಫಾಕ್ಸ್‌ಫರ್ಡ್‌ನಲ್ಲಿ ಒಂದು ಶವಯಾತ್ರೆ ಎದುರಾಯಿತಂತೆ. ಹುಡುಗರು ಗಾಡಿ ನಿಲ್ಲಿಸಿ ಮರ್ಯಾದೆ ಕೊಡದೆ ಕೂಗಾಡುತ್ತಾ ಮುಂದೆ ಹೋದರಂತೆ. ಈ ತಂಡದವರು ಒಬ್ಬರು ಬದುಕಿರುವವರೆಗೂ ಮೇಯೋ ಗೆಲ್ಲಲ್ಲ ಅಂತ ಪಾದ್ರಿ ಶಾಪ ಹಾಕಿದರಂತೆ. ಕಥೆ ನಿಜವೋ ಸುಳ್ಳೋ, 1989ರಿಂದ 2021ರವರೆಗೆ 11 ಫೈನಲ್ ಸೋತಿದ್ದಾರೆ. ಆ ತಂಡದ ಕೊನೆಯ ಆಟಗಾರ 2021ರಲ್ಲಿ ತೀರಿಕೊಂಡ ಮೇಲೂ ಗೆದ್ದಿಲ್ಲ. "ಇನ್ನು ಹೇಳ್ಕೊಳ್ಳೋಕೆ ನೆಪಾನೂ ಇಲ್ವಲ್ಲೋ" ಅಂತ ಅಜ್ಜನ ಗೋಳು.

ನಾನು ಆರ್‌ಸಿಬಿ ಕಡೆಯವನು ಅಂತ ಗೊತ್ತಾದ ದಿನ ತಬ್ಬಿಕೊಂಡುಬಿಟ್ಟಿದ್ದರು. "ಈ ಸಲ ಕಪ್ ನಮ್ದೇ" ಅಂತ ಬಾಯಿಪಾಠ ಮಾಡಿಕೊಂಡು, ಮೇಯೋ ಪಂದ್ಯ ಇದ್ದ ದಿನ ಬೆಳಗ್ಗೆಯೇ ಬೇಲಿಯಾಚೆಯಿಂದ ಕೂಗುತ್ತಿದ್ದರು. ಉಚ್ಚಾರ ಕೇಳಬೇಡಿ. 2025ರ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಆರ್‌ಸಿಬಿ ಕೊನೆಗೂ ಗೆದ್ದಾಗ ಬಾಗಿಲು ಬಡಿದರು. ಅಭಿನಂದನೆ ಹೇಳಲಿಕ್ಕಲ್ಲ, ಜಗಳಕ್ಕೆ. "ನನ್ನೊಬ್ಬನನ್ನೇ ಬಿಟ್ಟು ಹೋದ್ಯಲ್ಲ!" ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಸುದ್ದಿ ನೋಡಿ ಅಜ್ಜ ಮತ್ತೆ ಬಂದರು. ಆವತ್ತು ತಮಾಷೆ ಇರಲಿಲ್ಲ. "ನಿಮ್ಮೋರು ಯಾರೂ ಅಲ್ಲಿರಲಿಲ್ಲ ತಾನೇ?" ಅಂತ ಕೇಳಿ, ಇಲ್ಲ ಅಂದಮೇಲೂ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ಹುಡುಗಿ ತಟ್ಟೆ ಕೆಳಗಿಟ್ಟು "ಈ ಸಾಲಾ ಕಪ್ ನಮ್ಡೇ" ಅಂತ ಕಿರುಚಿದಳು. ಅಜ್ಜ ಅವಳಿಗೂ ಕಲಿಸಿದ್ದರು. ಚರ್ಚಿನಲ್ಲಿ ಪೆಟ್ಟಿಗೆ ಮುಂದೆ ಅವರ ಇಷ್ಟದ ವಸ್ತುಗಳನ್ನು ಇಡುವಾಗ ಮೇಯೋ ಜರ್ಸಿ, ಇಸ್ಪೀಟು ಪ್ಯಾಕು, ಟಿವಿ ರಿಮೋಟು ಬಂದವು. ರಿಮೋಟು ಬಂದಾಗ ಪಾದ್ರಿಯೇ ನಕ್ಕರು.

ಇಸ್ಪೀಟು ಪ್ಯಾಕು ನೋಡಿದಾಗ ನನಗೆ ನೆನಪಾಗಿದ್ದು ತಿಪಟೂರಿನ ಚಿಕ್ಕಪ್ಪ.

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಯುಗಾದಿ ಸಂಜೆ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಇಸ್ಪೀಟು ಹಾಕುತ್ತಿದ್ದರು. ದೊಡ್ಡವರು ಮಕ್ಕಳಿಗೆ ಸೋತುಕೊಡುತ್ತಾರೆ, ಅಲ್ವಾ? ಇವರು ರಾಜಾರೋಷವಾಗಿ ಎಲೆ ಬಚ್ಚಿಟ್ಟು ನಮ್ಮ ಚಿಲ್ಲರೆಯನ್ನೆಲ್ಲ ಹೊಡೆಯುತ್ತಿದ್ದರು. ಮಾರನೇ ದಿನ ಅದೇ ದುಡ್ಡಿನಲ್ಲಿ ಎಲ್ಲರಿಗೂ ಐಸ್‌ಕ್ಯಾಂಡಿ. "ನಿಮ್ಮಪ್ಪಂದಿರ ಕೈಲಿದ್ದಿದ್ರೆ ಬ್ಯಾಂಕಿಗೆ ಹೋಗಿರೋದು" ಅನ್ನುತ್ತಿದ್ದರು.

ಅವರು ಹೋದಾಗ ನಾನು ಇಲ್ಲಿದ್ದೆ. ತಿಥಿ ನೋಡಿದ್ದು ವಾಟ್ಸಾಪ್ ವಿಡಿಯೋದಲ್ಲಿ. ದೊಡ್ಡ ಫ್ಲೆಕ್ಸು, ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಹುಟ್ಟಿ ಬನ್ನಿ. ಅದರ ಮೇಲಿನ ಫೋಟೋ ಮಾತ್ರ ಬ್ಯಾಂಕಿನ ಪಾಸ್‌ಬುಕ್ಕಿಂದು. ಮದುವೆ ಆಲ್ಬಮ್ಮುಗಳಲ್ಲಿ ಹಲ್ಲು ಕಿರಿಯದ ಫೋಟೋ ಒಂದೂ ಸಿಗಲಿಲ್ಲ, ಸಾವಿನ ಮನೆಯಲ್ಲಿ ನಗುವ ಫೋಟೋ ಚೆನ್ನಾಗಿರಲ್ಲ ಅಂತ ಅದನ್ನು ಹುಡುಕಿ ತೆಗೆದಿದ್ದರು. ಯಾರೋ ಹಿರಿಯರು ಮೈಕಿನಲ್ಲಿ "ಶಿಸ್ತಿನ ಮನುಷ್ಯ" ಅಂದರು. ತನ್ನ ಮದುವೆಯ ಮುಹೂರ್ತಕ್ಕೇ ತಡವಾಗಿ ಬಂದ ಮನುಷ್ಯ! ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಅಷ್ಟು ಜನರಲ್ಲಿ ಅವರಿಂದ ಕೀಟಲೆ ಮಾಡಿಸಿಕೊಳ್ಳದವರು ಒಬ್ಬರೂ ಇರಲಿಲ್ಲ. ಒಬ್ಬರೂ ಬಾಯಿ ಬಿಡಲಿಲ್ಲ. ಆ ಹುಡುಗಿ ಅಲ್ಲಿಗೆ ಬಂದಿದ್ದರೆ ಇವರಿಗೆಲ್ಲ ಸತ್ತವರ ಪರಿಚಯವೇ ಇಲ್ಲ ಅಂದುಕೊಳ್ಳುತ್ತಿದ್ದಳು.

ನಾವು ಮೊದಲಿಂದ ಹೀಗಿರಲಿಲ್ಲ. ನಮ್ಮ ತಾತ ಹೋದಾಗ ತಮಟೆ ಇತ್ತು, ಪಟಾಕಿ ಇತ್ತು, ದಾರಿಯುದ್ದಕ್ಕೂ ಕುಣಿತ ಇತ್ತು. ತುಂಬಿದ ಬಾಳು ಅಂತ ಖುಷಿಯಾಗಿಯೇ ಕಳಿಸಿದರು. ತಮಟೆ ಹೊಡೆದವರಿಗೂ ಅದು ಖುಷಿಯಾಗಿತ್ತಾ ಅನ್ನೋದು ಬೇರೆ ಮಾತು, ಅವರನ್ನು ಯಾರೂ ಕೇಳಲಿಲ್ಲ. ಈಗಲೂ ಪಿತೃಪಕ್ಷದಲ್ಲಿ ಚಿಕ್ಕಮ್ಮ ಚಿಕ್ಕಪ್ಪನಿಗೆ ಎಡೆ ಇಡುವಾಗ ಒಬ್ಬಟ್ಟು, ವಡೆ ಜೊತೆ ಒಂದು ಕಟ್ಟು ಬೀಡಿ ಇಡುತ್ತಾರೆ. ಬದುಕಿದ್ದಾಗ ಆ ಬೀಡಿಗಾಗಿ ದಿನಾ ಬೈದವರು ಅವರೇ. ಮೈಕು, ಫ್ಲೆಕ್ಸು ಬಂದ ಕಡೆ ಮಾತ್ರ ಮನುಷ್ಯ ಇದ್ದ ಹಾಗೆ ಇರುವಂತಿಲ್ಲ.

ಚರ್ಚಿನಿಂದ ಬಂದ ರಾತ್ರಿ ನಮ್ಮ ಕುಟುಂಬದ ಗ್ರೂಪಿನಲ್ಲಿ ರೈಲಿನ ಕಥೆ ಬರೆದೆ. ಕಡೂರಿನ ಮದುವೆ ಮುಗಿಸಿ ಬರುತ್ತಿದ್ದೆವು. ಅರಸೀಕೆರೆಯಲ್ಲಿ ಚಿಕ್ಕಪ್ಪ ನೀರು ಹಿಡಿಯಲು ಇಳಿದರು, ರೈಲು ಹೊರಟುಬಿಟ್ಟಿತು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದರು. ಚಿಕ್ಕಪ್ಪ ಕೊನೇ ಬೋಗಿ ಹತ್ತಿ, ಹಿಂದಿನಿಂದ ಬಂದು, ದನಿ ಬದಲಿಸಿ "ಕಡ್ಲೇಕಾಯ್, ಬಿಸಿ ಕಡ್ಲೇಕಾಯ್" ಅಂತ ಕೂಗಿದರು. ಚಿಕ್ಕಮ್ಮ ತಿರುಗಿಯೂ ನೋಡದೆ "ಬೇಡ ಹೋಗಪ್ಪಾ" ಅಂದರು.

ಬೆಳಗ್ಗೆ ಎದ್ದರೆ ಗ್ರೂಪು ತುಂಬಿಹೋಗಿತ್ತು. ತಂಗಿಯರು, ಭಾವಂದಿರು, ಮಂಡಿಯ ಹಳೇ ಗೆಳೆಯರ ಮಗ, ಎಲ್ಲರದೂ ಒಂದೊಂದು ಕಥೆ. ಕೆಲವು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಯಲ್ಲಿ ಚಿಕ್ಕಮ್ಮನ ವಾಯ್ಸ್ ಮೆಸೇಜು, ಸಿಟ್ಟಿನ ದನಿ:

"ಏನೇನೋ ಬರೀಬೇಡ ಕಣೋ. ನಾನ್ಯಾಕೆ ಅಳ್ಲಿ? ಒಂದು ಪೊಟ್ಟಣ ಕೊಡಪ್ಪ ಅಂತ ಎರಡು ರೂಪಾಯಿ ಹಿಂದಕ್ಕೆ ಚಾಚಿದೆ. ದುಡ್ಡು ಇಸ್ಕೊಂಡ್ರು ನಿಮ್ಮ ಚಿಕ್ಕಪ್ಪ. ಕಡ್ಲೇಕಾಯೂ ಕೊಡ್ಲಿಲ್ಲ, ದುಡ್ಡೂ ವಾಪಸ್ ಕೊಡ್ಲಿಲ್ಲ."